ಮೇಲಿನವರಿಗೆ ಸಂಬಳ, ಕೆಳಗಿನವರಿಗೆ ಉಪದೇಶ

ಪ್ರಾಮಾಣಿಕತೆಯ ಮಾತು ಬಂದಾಗಲೆಲ್ಲ ನಾವು ಎರಡು ಅಳತೆಗೋಲು ಹಿಡಿದು ಕೂರುತ್ತೇವೆ. ನ್ಯಾಯಾಧೀಶರಿಗೆ, ಮಂತ್ರಿಗಳಿಗೆ, ದೊಡ್ಡ ಅಧಿಕಾರಿಗಳಿಗೆ ಕೈತುಂಬ ಸಂಬಳ ಏಕೆ ಎಂದು ಕೇಳಿ. ಉತ್ತರ ಸಿದ್ಧವಾಗಿರುತ್ತದೆ: ಅವರು ಆಮಿಷಕ್ಕೆ ಬೀಳಬಾರದಲ್ಲ, ಅದಕ್ಕೆ. ಇದೇ ಪ್ರಶ್ನೆಯನ್ನು ಗೇಟು ಕಾಯುವವನ ಬಗ್ಗೆ, ಅರ್ಜಿ ತೆಗೆದುಕೊಳ್ಳುವ ಗುಮಾಸ್ತರ ಬಗ್ಗೆ, ಆಸ್ಪತ್ರೆಯ ವಾರ್ಡಿನಲ್ಲಿ ರಾತ್ರಿಯಿಡೀ ಓಡಾಡುವ ಆಯಾ ಬಗ್ಗೆ ಕೇಳಿದರೆ ಮಾತು ಸಂಬಳದಿಂದ ಸಂಸ್ಕಾರಕ್ಕೆ ಹೊರಳುತ್ತದೆ. ಇದ್ದುದರಲ್ಲೇ ತೃಪ್ತಿಯಿಂದಿರಬೇಕು, ನಿಯತ್ತು ಇರಬೇಕು, ಬಡವರೆಲ್ಲ ಕಳ್ಳರಾಗುತ್ತಾರಾ ಎಂದು ಶುರುವಾಗುತ್ತದೆ. ಸಂಬಳ ಮನುಷ್ಯನ ನಡತೆಯನ್ನು ಕಾಯುತ್ತದೆ ಎಂಬುದು ಮೇಲಿನವರ ವಿಷಯದಲ್ಲಿ ನಿಜವಾದರೆ ಕೆಳಗಿನವರ ವಿಷಯದಲ್ಲೂ ನಿಜ. ನಾನು ಇವತ್ತು ಹೇಳಬೇಕೆಂದಿರುವುದು ಇದೊಂದನ್ನೇ.

ಈ ಎರಡು ಅಳತೆ ಹೊಸತೇನಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಐದನೇ ಅಧಿಕರಣದಲ್ಲಿ ಸಂಬಳದ ಒಂದು ಪಟ್ಟಿಯಿದೆ. ಮಂತ್ರಿ, ಪುರೋಹಿತ, ಸೇನಾಪತಿ, ಯುವರಾಜ ಮುಂತಾದವರಿಗೆ 48,000 ಪಣ. ಅಷ್ಟು ಕೊಟ್ಟರೆ ಅವರು ಪರರ ಪ್ರಲೋಭನೆಗೆ ಸಿಗುವುದಿಲ್ಲ, ಸಿಟ್ಟಿಗೂ ಏಳುವುದಿಲ್ಲ ಎಂದು ಕಾರಣವನ್ನೂ ಅಲ್ಲೇ ಹೇಳಿದೆ. ಪಟ್ಟಿ ಇಳಿಯುತ್ತ ಇಳಿಯುತ್ತ, ಜನರನ್ನೂ ದನಕರುಗಳನ್ನೂ ನೋಡಿಕೊಳ್ಳುವ ಪರಿಚಾರಕರ ಹತ್ತಿರ ಬರುವಷ್ಟರಲ್ಲಿ 60 ಪಣಕ್ಕೆ ನಿಲ್ಲುತ್ತದೆ. ಎಂಟುನೂರು ಪಟ್ಟು ಅಂತರ. ಅಲ್ಲಿ ಕಾರಣದ ಮಾತಿಲ್ಲ. ಕೌಟಿಲ್ಯನಿಗೆ ಸಲ್ಲಬೇಕಾದ ಗೌರವವನ್ನೂ ಸಲ್ಲಿಸೋಣ: ಕೆಲಸದಲ್ಲಿರುವಾಗ ಸತ್ತವರ ಹೆಂಡತಿ ಮಕ್ಕಳಿಗೆ ಊಟವೂ ವೇತನವೂ ಸಲ್ಲಬೇಕೆಂದು ಅದೇ ಅಧ್ಯಾಯ ಹೇಳುತ್ತದೆ. ಕೆಳಗಿನವನಿಗೂ ಸಂಸಾರವಿದೆ ಎಂಬುದು ಅವನಿಗೆ ಗೊತ್ತಿತ್ತು. ಆದರೂ ಆಮಿಷದ ಲೆಕ್ಕವನ್ನು ಮೇಲಿನವರಿಗೆ ಮಾತ್ರ ಹಾಕಿದ.

ಸಂಬಳ ಕಡಿಮೆ ಕೊಟ್ಟು, ಉಳಿದದ್ದನ್ನು ನೀವೇ ನೋಡಿಕೊಳ್ಳಿ ಎನ್ನುವ ಪದ್ಧತಿಯನ್ನು ಬಹಳ ದೊಡ್ಡ ಪ್ರಮಾಣದಲ್ಲಿ ನಡೆಸಿ ತೋರಿಸಿದ್ದು ಈಸ್ಟ್ ಇಂಡಿಯಾ ಕಂಪನಿ. 1744ರಲ್ಲಿ ಮದರಾಸಿಗೆ ಗುಮಾಸ್ತನಾಗಿ ಬಂದಿಳಿದ ರಾಬರ್ಟ್ ಕ್ಲೈವ್‌ನ ಸಂಬಳ ವರ್ಷಕ್ಕೆ 5 ಪೌಂಡ್. ಅಷ್ಟರಲ್ಲಿ ಬದುಕಲು ಆಗುವುದಿಲ್ಲ ಎಂದು ಲಂಡನ್ನಿನಲ್ಲಿ ಕೂತವರಿಗೆ ಚೆನ್ನಾಗಿ ಗೊತ್ತಿತ್ತು. ನೌಕರರು ಸ್ವಂತ ವ್ಯಾಪಾರ ಮಾಡಿಕೊಳ್ಳುತ್ತಾರೆ, ಕಾಣಿಕೆ ಪಡೆಯುತ್ತಾರೆ, ಕಂಪನಿಗೆ ಸಂಬಳದ ಹೊರೆ ಇಳಿಯುತ್ತದೆ ಎಂಬುದೇ ಲೆಕ್ಕ. ಆ ಗುಮಾಸ್ತರು ಏನೇನು ಮಾಡಿದರು, ಬಂಗಾಳದ ಪಾಡು ಏನಾಯಿತು ಎಂಬುದು ನಿಮಗೆಲ್ಲ ತಿಳಿದ ಇತಿಹಾಸ. 1786ರಲ್ಲಿ ಗವರ್ನರ್ ಜನರಲ್ ಆಗಿ ಬಂದ ಕಾರ್ನ್‌ವಾಲಿಸ್ ರೋಗದ ಮೂಲವನ್ನು ಸರಿಯಾಗಿಯೇ ಗುರುತಿಸಿದ. ಸ್ವಂತ ವ್ಯಾಪಾರ ನಿಲ್ಲಿಸಿದ. ಕಲೆಕ್ಟರನಿಗೆ ತಿಂಗಳಿಗೆ 1,500 ರೂಪಾಯಿ ಸಂಬಳ, ಅದರ ಮೇಲೆ ವಸೂಲಿಯಲ್ಲಿ ಸಣ್ಣ ಪಾಲು ಗೊತ್ತುಮಾಡಿದ. ಬ್ರಿಟಿಷ್ ಅಧಿಕಾರಿಗಳ ಮಟ್ಟದಲ್ಲಿ ಅದು ಕೆಲಸವನ್ನೂ ಮಾಡಿತು.

ಆದರೆ ಅದೇ ಕಾರ್ನ್‌ವಾಲಿಸ್, ವರ್ಷಕ್ಕೆ 500 ಪೌಂಡಿಗಿಂತ ಹೆಚ್ಚು ಸಂಬಳದ ಹುದ್ದೆಗಳಿಂದ ಭಾರತೀಯರನ್ನು ಹೊರಗಿಟ್ಟ. ಇವರು ಸ್ವಭಾವತಃ ಭ್ರಷ್ಟರು ಎಂಬುದು ಅವನ ನಂಬಿಕೆ. ತನ್ನವರು ಹಣ ಹೊಡೆದರೆ ಸಂಬಳ ಸಾಲದ್ದು ಕಾರಣ, ಇಲ್ಲಿನವರು ಹಣ ಹೊಡೆದರೆ ಜಾತಿಸ್ವಭಾವ ಕಾರಣ! ಪೊಲೀಸ್ ಠಾಣೆಯ ದಾರೋಗ, ಅಮಲ್ದಾರ, ಶಿರಸ್ತೇದಾರ, ಜವಾನರೆಲ್ಲ ಸಣ್ಣ ಸಂಬಳದಲ್ಲೇ ಉಳಿದರು. ಜನ ದಿನಾ ಮುಖಾಮುಖಿಯಾಗುತ್ತಿದ್ದದ್ದು ಇವರನ್ನು. ದಾರೋಗನ ಹೆಸರು ಕೇಳಿದರೆ ಹಳ್ಳಿಗಳು ನಡುಗುವಂತಾಯಿತು. ಕಚೇರಿಯಲ್ಲಿ ಮೇಲಿನ ಕೋಣೆ ಶುದ್ಧ, ಕೆಳಗಿನ ಕಟಕಟೆಯಲ್ಲಿ ಮಾಮೂಲು ಎಂಬ ಏರ್ಪಾಡಿಗೆ ಗಟ್ಟಿ ಬುನಾದಿ ಬಿದ್ದದ್ದು ಆಗ.

ಇನ್ನು ಸಂಬಳ ಕರಗುವುದು ಹೇಗೆ ಎಂದು ನೋಡೋಣ. ಯಾರೂ ನಮ್ಮ ಸಂಬಳವನ್ನು ಎದುರಿಗೆ ಬಂದು ಕಿತ್ತುಕೊಳ್ಳುವುದಿಲ್ಲ. ಬೆಲೆಗಳು ವರ್ಷಕ್ಕೆ ಶೇ. 6ರಂತೆ ಏರುತ್ತಿವೆ, ಸಂಬಳ ಅಲ್ಲೇ ನಿಂತಿದೆ ಎಂದುಕೊಳ್ಳಿ. ಹನ್ನೆರಡು ವರ್ಷದಲ್ಲಿ ಬೆಲೆ ಎರಡು ಪಟ್ಟಾಗುತ್ತದೆ. ಅಂದರೆ ಸಂಬಳದ ಚೀಟಿಯಲ್ಲಿ ಒಂದು ಅಂಕಿಯೂ ಬದಲಾಗದೆ ಅರ್ಧ ಸಂಬಳ ಹೋಗಿರುತ್ತದೆ. ಕಡಿಮೆ ಸಂಬಳದವರಿಗೆ ಇದರ ಹೊಡೆತ ಇನ್ನೂ ಜೋರು. ಆದಾಯ ಇಳಿದಷ್ಟೂ ಅದರಲ್ಲಿ ಆಹಾರಕ್ಕೆ ಹೋಗುವ ಪಾಲು ಹೆಚ್ಚುತ್ತದೆ ಎಂದು ಜರ್ಮನಿಯ ಸಂಖ್ಯಾಶಾಸ್ತ್ರಜ್ಞ ಅರ್ನ್ಸ್ಟ್ ಎಂಗೆಲ್ 1857ರಲ್ಲೇ ತೋರಿಸಿದ. ಹಾಗಾಗಿ ಆಹಾರ ತುಟ್ಟಿಯಾದಾಗ ಸರ್ಕಾರಗಳು ಪ್ರಕಟಿಸುವ ಸರಾಸರಿ ಹಣದುಬ್ಬರದ ಅಂಕಿ ಬಡವರ ಮನೆಯ ಅಂಕಿಗಿಂತ ಕಡಿಮೆಯೇ ಇರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತೇವೆ. ವರ್ಷ ವರ್ಷವೂ ಹಾಸಿಗೆಯೇ ಕುಗ್ಗುತ್ತಿದ್ದರೆ ಆ ಬುದ್ಧಿಮಾತನ್ನು ಯಾರಿಗೆ ಹೇಳುವುದು?

ಸಂಬಳ ಸಾಲದಾದಾಗ ಮೊದಲು ಲಂಚ ಬರುವುದಿಲ್ಲ, ಮೊದಲು ಬರುವುದು ಸಾಲ. ಇದನ್ನು ಗಮನಿಸಿ. ಬಾಡಿಗೆಯನ್ನು ಮುಂದೂಡಲು ಆಗುವುದಿಲ್ಲ, ಔಷಧಿಯನ್ನು ಸ್ವಲ್ಪ ದಿನ ಮುಂದೂಡಬಹುದು, ಮಗುವಿನ ಶುಲ್ಕವನ್ನು ಒಂದು ಕಂತು ಮುಂದೂಡಬಹುದು. ಆಮೇಲೆ ಕೈಸಾಲ, ಆಮೇಲೆ ಬಡ್ಡಿ ಸಾಲ, ಆಮೇಲೆ ಆ ಬಡ್ಡಿ ಕಟ್ಟಲು ಇನ್ನೊಂದು ಸಾಲ. ಅಮೆರಿಕದ ಅಪರಾಧಶಾಸ್ತ್ರಜ್ಞ ಡೊನಾಲ್ಡ್ ಕ್ರೆಸ್ಸಿ ನಂಬಿಕೆಯ ಸ್ಥಾನದಲ್ಲಿದ್ದು ಹಣ ದುರುಪಯೋಗ ಮಾಡಿಕೊಂಡು ಜೈಲಿಗೆ ಬಂದವರನ್ನು ಕೂರಿಸಿ ಮಾತನಾಡಿಸಿದ. 1953ರಲ್ಲಿ ಅದನ್ನು ಪ್ರಕಟಿಸಿದ. ಅವರ ಕಥೆಗಳಲ್ಲಿ ಮತ್ತೆ ಮತ್ತೆ ಕಂಡದ್ದು, ಯಾರೊಂದಿಗೂ ಹೇಳಿಕೊಳ್ಳಲಾಗದ ಹಣದ ತೊಂದರೆ. ಅದರ ಜೊತೆಗೆ ತಮಗೆ ತಾವೇ ಹೇಳಿಕೊಂಡ ಒಂದು ಮಾತು: ನಾನು ಕದಿಯುತ್ತಿಲ್ಲ, ಸದ್ಯಕ್ಕೆ ತೆಗೆದುಕೊಳ್ಳುತ್ತಿದ್ದೇನೆ, ಬಂದ ತಕ್ಷಣ ಇಟ್ಟುಬಿಡುತ್ತೇನೆ. ಅವರಲ್ಲಿ ಅನೇಕರು ವರ್ಷಗಟ್ಟಲೆ ನೆಟ್ಟಗೆ ಕೆಲಸ ಮಾಡಿದವರೇ. ಕಳ್ಳ ಎಂದು ಬೇರೆ ಒಂದು ಜಾತಿ ಇದೆ ಎಂದು ನಂಬಿದವರು ಆ ಮಾತುಕತೆಗಳನ್ನು ಒಮ್ಮೆ ಓದಬೇಕು.

ಕೈಯಲ್ಲಿ ಹಣವಿಲ್ಲದ ದಿನಗಳಿಗೂ ಅಪರಾಧಕ್ಕೂ ನಂಟಿದೆ ಎಂಬುದನ್ನು ಅಮೆರಿಕದ ಹನ್ನೆರಡು ನಗರಗಳ ಒಂದು ಅಧ್ಯಯನ ತುಂಬ ಸ್ಪಷ್ಟವಾಗಿ ತೋರಿಸಿತು. ಕೆಲವು ನಗರಗಳಲ್ಲಿ ಬಡವರ ನೆರವಿನ ಹಣ ತಿಂಗಳ ಮೊದಲ ದಿನಗಳಲ್ಲಿ ಎಲ್ಲರಿಗೂ ಒಟ್ಟಿಗೆ ಸಿಗುತ್ತಿತ್ತು. ಅಂಥ ಕಡೆ ತಿಂಗಳು ಮುಂದೆ ಸರಿದಂತೆ ಕಳವು, ದರೋಡೆಯಂಥ ಹಣದ ಅಪರಾಧಗಳು ಏರುತ್ತ ಹೋದವು. ಹಣಕ್ಕೆ ಸಂಬಂಧವಿಲ್ಲದ ಅಪರಾಧಗಳು ಏರಲಿಲ್ಲ. ನೆರವನ್ನು ತಿಂಗಳುದ್ದಕ್ಕೂ ಹಂಚಿ ಕೊಡುವ ನಗರಗಳಲ್ಲಿ ಈ ಏರಿಳಿತ ಕಾಣಲಿಲ್ಲ. ಜನರ ಗುಣ ತಿಂಗಳ ಮೊದಲ ವಾರಕ್ಕೂ ನಾಲ್ಕನೇ ವಾರಕ್ಕೂ ಬದಲಾಗುವುದಿಲ್ಲ, ಬದಲಾಗುವುದು ಜೇಬು.

ಆದರೆ ಕೊರತೆಯೊಂದೇ ಎಲ್ಲವನ್ನೂ ವಿವರಿಸುವುದಿಲ್ಲ. ಇಲ್ಲಿ ನಾನು ಸ್ವಲ್ಪ ನಿಧಾನಿಸುತ್ತೇನೆ, ಏಕೆಂದರೆ ಈ ಮುಂದಿನ ಉದಾಹರಣೆ ನನ್ನ ಮಟ್ಟಿಗೆ ಇಡೀ ವಿಷಯದ ಕೀಲಿಕೈ. 1990ರಲ್ಲಿ ಜೆರಾಲ್ಡ್ ಗ್ರೀನ್‌ಬರ್ಗ್ ಎಂಬ ಸಂಶೋಧಕ ಒಂದು ಪ್ರಕರಣವನ್ನು ಪ್ರಕಟಿಸಿದ. ಅಮೆರಿಕದಲ್ಲಿ ಒಂದೇ ಕಂಪನಿಗೆ ಸೇರಿದ ಮೂರು ಕಾರ್ಖಾನೆಗಳು. ದೊಡ್ಡ ಗುತ್ತಿಗೆ ಕೈತಪ್ಪಿದ್ದರಿಂದ ಎರಡು ಕಾರ್ಖಾನೆಗಳಲ್ಲಿ ಹತ್ತು ವಾರದ ಮಟ್ಟಿಗೆ ಎಲ್ಲರ ಸಂಬಳವನ್ನು ಶೇ. 15 ಕಡಿತ ಮಾಡಿದರು. ಮೂರನೆಯದರಲ್ಲಿ ಕಡಿತವಿಲ್ಲ.

ಕಡಿತವಾದ ಒಂದು ಕಾರ್ಖಾನೆಗೆ ಕಂಪನಿಯ ಅಧ್ಯಕ್ಷನೇ ಹೋಗಿ ಸುಮಾರು ಒಂದೂವರೆ ಗಂಟೆ ಕೂತ. ಹಣಕಾಸಿನ ಪರಿಸ್ಥಿತಿಯನ್ನು ಅಂಕಿ ಅಂಶದ ಸಮೇತ ಬಿಡಿಸಿ ಹೇಳಿದ, ಯಾರನ್ನೂ ಕೆಲಸದಿಂದ ತೆಗೆಯದಿರಲು ಈ ದಾರಿ ಹಿಡಿದಿದ್ದೇವೆ ಎಂದ, ವಿಷಾದ ವ್ಯಕ್ತಪಡಿಸಿದ, ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟ. ಇನ್ನೊಂದರಲ್ಲಿ ಕಾಲು ಗಂಟೆಯ ಸಭೆ. ಸಂಬಳ ಕಡಿಮೆಯಾಗುತ್ತದೆ, ಹತ್ತು ವಾರ, ಅಷ್ಟೇ. ಕಾರ್ಖಾನೆಯಲ್ಲಿ ಸಾಮಾನು ಕಾಣೆಯಾಗುವ ಪ್ರಮಾಣ ಎಷ್ಟೆಂದು ಕಂಪನಿ ಮೊದಲಿನಿಂದಲೂ ಲೆಕ್ಕ ಇಡುತ್ತಿತ್ತು. ಕಡಿತವಿಲ್ಲದ ಕಡೆ ಅದು ಇದ್ದಂತೆಯೇ ಇತ್ತು. ವಿವರಣೆ ಕೊಟ್ಟ ಕಡೆ ಸ್ವಲ್ಪ ಏರಿತು. ಕಾಲು ಗಂಟೆಯಲ್ಲಿ ಮುಗಿಸಿ ಎದ್ದುಹೋದ ಕಡೆ ಮೊದಲಿನ ಎರಡು ಪಟ್ಟಿಗೂ ಮೇಲೆ ಹೋಯಿತು. ಕೆಲಸ ಬಿಟ್ಟು ಹೋದವರೂ ಅಲ್ಲೇ ಹೆಚ್ಚು. ಹತ್ತು ವಾರ ಮುಗಿದು ಸಂಬಳ ಮತ್ತೆ ಮೊದಲಿನಂತಾದಾಗ ಕಳವೂ ಇಳಿದು ಮೊದಲಿನ ಮಟ್ಟಕ್ಕೆ ಬಂತು.

ಎರಡೂ ಕಡೆ ಕಡಿತ ಅಷ್ಟೇ, ಕೊರತೆ ಅಷ್ಟೇ. ಆದರೂ ಕಳವಿನಲ್ಲಿ ಅಷ್ಟು ವ್ಯತ್ಯಾಸ. ಎರಡನೇ ಕಾರ್ಖಾನೆಯವರು ತಮ್ಮ ಲೆಕ್ಕದಲ್ಲಿ ಕಳವು ಮಾಡಲಿಲ್ಲ, ಬಾಕಿ ವಸೂಲು ಮಾಡಿದರು. ತನಗೆ ಅನ್ಯಾಯವಾಗಿದೆ, ಅದನ್ನು ಹೇಳಿಕೊಳ್ಳಲು ಜಾಗವಿಲ್ಲ, ಹೇಳಿದರೂ ಕೇಳುವವರಿಲ್ಲ ಎನಿಸಿದಾಗ ಮನುಷ್ಯ ಲೆಕ್ಕವನ್ನು ತಾನೇ ಸರಿಮಾಡಿಕೊಳ್ಳುತ್ತಾನೆ. ಕಚೇರಿಯಲ್ಲಿ ಕೂತು ಕಡತಕ್ಕೆ ದುಡ್ಡು ಕೇಳುವವನ ಒಳಗೂ ಇದೇ ವಾದ ನಡೆಯುತ್ತಿರುತ್ತದೆ: ನನಗೆ ಕೊಡಬೇಕಾದ್ದನ್ನು ಅವರು ಕೊಟ್ಟಿಲ್ಲ. ಈ ವಾದವನ್ನು ನಾನು ಒಪ್ಪುತ್ತಿಲ್ಲ. ಆ ಬಾಕಿಯನ್ನು ತೀರಿಸುವವನು ಸಂಬಳ ಹಿಡಿದಿಟ್ಟ ಧಣಿಯಲ್ಲ, ಎದುರಿಗೆ ಅರ್ಜಿ ಹಿಡಿದು ನಿಂತ ಇನ್ನೊಬ್ಬ ಕಡಿಮೆ ಸಂಬಳದವನು. ಆದರೆ ಈ ವಾದ ಎಲ್ಲಿ ಹುಟ್ಟುತ್ತದೆ ಎಂದು ತಿಳಿಯದೆ ಅದನ್ನು ಎದುರಿಸಲು ಆಗುವುದಿಲ್ಲ.

ಆಳುವವರೇ ಈ ವಾದವನ್ನು ಒಪ್ಪಿಕೊಂಡರೆ ಏನಾಗುತ್ತದೆ? ಆಫ್ರಿಕಾದ ಜೈರೆ ದೇಶದ (ಈಗಿನ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯ) ಸರ್ವಾಧಿಕಾರಿ ಮೊಬುಟು 1976ರಲ್ಲಿ ರಾಜಧಾನಿ ಕಿನ್ಶಾಸಾದ ಬಹಿರಂಗ ಸಭೆಯಲ್ಲಿ, ಕದಿಯುವುದಾದರೆ ಸ್ವಲ್ಪವೇ ಕದಿಯಿರಿ, ಜಾಣತನದಿಂದ ಕದಿಯಿರಿ ಎಂಬ ಅರ್ಥದ ಮಾತನ್ನು ಆಡಿದ. ಅಲ್ಲಿ ಸೈನಿಕರಿಗೆ, ಶಿಕ್ಷಕರಿಗೆ, ಗುಮಾಸ್ತರಿಗೆ ಸಂಬಳ ತಿಂಗಳುಗಟ್ಟಲೆ ಬರುತ್ತಿರಲಿಲ್ಲ, ಬಂದರೂ ಬೆಲೆ ಏರಿಕೆ ಅದನ್ನು ನುಂಗಿರುತ್ತಿತ್ತು. ಜನ 'ಹದಿನೈದನೇ ಕಲಂ' ಎನ್ನುತ್ತಿದ್ದರು. ಸಂವಿಧಾನದಲ್ಲಿ ಇಲ್ಲದ ಆ ಕಲಂ ಹೇಳುವುದು, ನಿನ್ನ ದಾರಿ ನೀನು ನೋಡಿಕೋ ಎಂದು. ಶಿಕ್ಷಕ ಅಂಕ ಮಾರಿದ, ದಾದಿ ಔಷಧಿ ಮಾರಿದಳು, ಸೈನಿಕ ರಸ್ತೆಗೆ ಅಡ್ಡ ಹಗ್ಗ ಕಟ್ಟಿದ. 1991ರಲ್ಲಿ ಸಂಬಳವಿಲ್ಲದ ಸೈನಿಕರು ದಂಗೆಯೆದ್ದು ಕಿನ್ಶಾಸಾ ನಗರವನ್ನೇ ಸೂರೆ ಮಾಡಿದರು. ಜಿಂಬಾಬ್ವೆಯಲ್ಲಿ 2008ರ ಹೊತ್ತಿಗೆ ಶಿಕ್ಷಕರ ತಿಂಗಳ ಸಂಬಳ ಶಾಲೆಗೆ ಹೋಗಿಬರುವ ಬಸ್ಸಿನ ಖರ್ಚಿಗೂ ಸಾಲದಂತಾಗಿತ್ತು. ಅಲ್ಲಿನ ಬಹುಪಾಲು ಶಿಕ್ಷಕರು ಲಂಚಕ್ಕೆ ಇಳಿಯಲಿಲ್ಲ. ಕೆಲಸ ಬಿಟ್ಟರು, ಗಡಿ ದಾಟಿ ಬೇರೆ ದೇಶಗಳಿಗೆ ಹೋದರು. ಆ ವರ್ಷ ಮಕ್ಕಳಿಗೆ ಪಾಠ ನಡೆದದ್ದು ಬಹಳ ಕಡಿಮೆ. ಕಡಿಮೆ ಸಂಬಳದಿಂದ ಆಗುವ ನಷ್ಟದಲ್ಲಿ ಇದನ್ನು ಯಾರೂ ಎಣಿಸುವುದಿಲ್ಲ: ಪ್ರಾಮಾಣಿಕರು ಸದ್ದಿಲ್ಲದೆ ಎದ್ದು ಹೋಗುತ್ತಾರೆ.

ಉಳಿಯುವವರು ಯಾರು, ಹೊಸದಾಗಿ ಬರುವವರು ಯಾರು? ಸಂಬಳ ಸಾಲದು, ಆದರೆ ಮೇಲಾದಾಯ ಚೆನ್ನಾಗಿದೆ ಎಂಬ ಹೆಸರು ಒಂದು ಹುದ್ದೆಗೆ ಬಂದರೆ ಆ ಮೇಲಾದಾಯಕ್ಕಾಗಿಯೇ ಬರುವವರು ಸಾಲುಗಟ್ಟುತ್ತಾರೆ. ಆಗ ಹುದ್ದೆಗೇ ಬೆಲೆ ಬರುತ್ತದೆ, ವರ್ಗಾವಣೆಗೆ ದರ ಗೊತ್ತಾಗುತ್ತದೆ. ಸಾಲ ಮಾಡಿ ಹುದ್ದೆ ಕೊಂಡವನು ಮೊದಲ ದಿನದಿಂದಲೇ ಬಡ್ಡಿ ದುಡಿಯಬೇಕು. ವಸೂಲಾದ ಹಣದಲ್ಲಿ ಮೇಲಿನವನಿಗೆ ಪಾಲು, ಅದರಲ್ಲಿ ಅವನ ಮೇಲಿನವನಿಗೆ ಪಾಲು. ಇಷ್ಟಾದ ಮೇಲೆ ಒಬ್ಬ ನೌಕರ ನಾನು ತೆಗೆದುಕೊಳ್ಳುವುದಿಲ್ಲ ಎಂದರೆ ಅವನು ಸರಪಳಿಯನ್ನೇ ತುಂಡು ಮಾಡಿದಂತೆ. ಅವನನ್ನು ಅಲ್ಲಿ ಇರಗೊಡುವುದಿಲ್ಲ. ಹಸಿವಿನಿಂದ ಶುರುವಾದದ್ದು ಈ ಹಂತದಲ್ಲಿ ಹಸಿವಿಗೆ ಸಂಬಂಧವೇ ಇಲ್ಲದ ವ್ಯವಹಾರವಾಗಿರುತ್ತದೆ. ಇದನ್ನು ನೆನಪಿನಲ್ಲಿಡಿ, ಪರಿಹಾರದ ಮಾತಿಗೆ ಬಂದಾಗ ಬೇಕಾಗುತ್ತದೆ.

ಭ್ರಷ್ಟಾಚಾರದಿಂದ ಬೀದಿಯ ಅಪರಾಧಕ್ಕೆ ಬರೋಣ. ಹತ್ತೊಂಬತ್ತನೇ ಶತಮಾನದಲ್ಲಿ, ಇಂದಿನ ಜರ್ಮನಿಯ ಬವೇರಿಯಾದಲ್ಲಿ ರೈ ಎಂಬ ಧಾನ್ಯವೇ ಬಡವರ ರೊಟ್ಟಿಯ ಮೂಲ. ರೈ ಬೆಲೆ ಏರಿದಾಗ ಕಳ್ಳತನ ಏರುತ್ತದೆ, ಇಳಿದಾಗ ಇಳಿಯುತ್ತದೆ ಎಂಬುದನ್ನು ಗಿಯೋರ್ಗ್ ಫಾನ್ ಮೈರ್ ಎಂಬ ಸಂಖ್ಯಾಶಾಸ್ತ್ರಜ್ಞ 1867ರಲ್ಲೇ ಅಂಕಿಗಳಲ್ಲಿ ಇಟ್ಟು ತೋರಿಸಿದ. ನಮ್ಮ ಕಾಲದ ಅರ್ಥಶಾಸ್ತ್ರಜ್ಞರು ಅದೇ ದಾಖಲೆಗಳನ್ನು ಮತ್ತೆ ತೆಗೆದು, ಮಳೆ ಹೆಚ್ಚಾಗಿ ಬೆಳೆ ಕೆಟ್ಟ ವರ್ಷಗಳನ್ನು ಹಿಡಿದು ಪರೀಕ್ಷಿಸಿದರು. ಕಳವಿನ ಸಂಬಂಧ ನಿಂತಿತು. ಜೊತೆಗೆ ಇನ್ನೊಂದು ಕಂಡಿತು: ರೈ ತುಟ್ಟಿಯಾದಾಗ ಹೊಡೆದಾಟದಂಥ ಹಿಂಸೆಯ ಅಪರಾಧಗಳು ಕಡಿಮೆಯಾದವು. ಧಾನ್ಯ ತುಟ್ಟಿಯಾದರೆ ಬಿಯರೂ ತುಟ್ಟಿಯಾಗುತ್ತದೆ, ಕುಡಿದು ಬಡಿದಾಡುವುದು ಕಡಿಮೆಯಾಗುತ್ತದೆ ಎಂಬುದು ಅವರು ಕೊಟ್ಟ ಕಾರಣ. ಅಪರಾಧ ಎಂದು ಎಲ್ಲವನ್ನೂ ಒಂದೇ ಗಂಟು ಕಟ್ಟಬಾರದು ಎನ್ನುವುದಕ್ಕಾಗಿ ಇದನ್ನು ಹೇಳಿದೆ.

ನಿರುದ್ಯೋಗ ಹೆಚ್ಚಾದರೆ ಅಪರಾಧ ಹೆಚ್ಚುತ್ತದೆ ಎಂಬುದು ಎಲ್ಲರೂ ಆಡುವ ಮಾತು. 2009ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ನಿರುದ್ಯೋಗ ಶೇ. 10 ಮುಟ್ಟಿತು. ಆದರೆ ಕಳವು, ದರೋಡೆ ಏರಲಿಲ್ಲ, ಇಳಿದವು. 1970ರ ದಶಕದಲ್ಲಿ ಹಾಗಾಗಿರಲಿಲ್ಲ. ಆಗ ಕೆಲಸವೂ ಕಡಿಮೆ, ಬೆಲೆಯೂ ಗಗನಕ್ಕೆ, ಅಪರಾಧವೂ ಏರಿತ್ತು. ಎರಡರ ನಡುವಿನ ದೊಡ್ಡ ವ್ಯತ್ಯಾಸ ಬೆಲೆ ಏರಿಕೆ. 1980ರಲ್ಲಿ ಅಲ್ಲಿ ಹಣದುಬ್ಬರ ಶೇ. 13 ದಾಟಿತ್ತು, 2009ರಲ್ಲಿ ಬೆಲೆಗಳು ಏರಲೇ ಇಲ್ಲ. ಕೆಲವು ಅಪರಾಧಶಾಸ್ತ್ರಜ್ಞರು ಕೊಡುವ ವಿವರಣೆ ನನಗೆ ಸರಿಯೆನಿಸುತ್ತದೆ. ಬೆಲೆ ಏರಿದಾಗ ಕಳ್ಳರಷ್ಟೇ ಹೆಚ್ಚುವುದಿಲ್ಲ, ಕಳವಿನ ಮಾಲಿಗೆ ಗಿರಾಕಿಗಳು ಹೆಚ್ಚುತ್ತಾರೆ. ಹೊಸದನ್ನು ಕೊಳ್ಳುತ್ತಿದ್ದವರು ಹಳೆಯದಕ್ಕೆ ಇಳಿಯುತ್ತಾರೆ, ಹಳೆಯದನ್ನು ಕೊಳ್ಳುತ್ತಿದ್ದವರು ಎಲ್ಲಿಂದ ಬಂತು ಎಂದು ಕೇಳದೆ ಕೊಳ್ಳುತ್ತಾರೆ. ತಾಮ್ರದ ಬೆಲೆ ಏರಿದಾಗ ರೈಲ್ವೆ ತಂತಿ ಕಳವು ಏರಿದ್ದನ್ನು ಬ್ರಿಟನ್ನಿನಲ್ಲಿ ಅಳೆದು ನೋಡಿದ್ದಾರೆ. ಕಳವೂ ಒಂದು ಮಾರುಕಟ್ಟೆ. ಬೆಲೆ ಏರಿಕೆ ಅದರ ಎರಡೂ ಕಡೆಯವರನ್ನು ತಳ್ಳುತ್ತದೆ.

ಬ್ರಿಟನ್ನಿನದೇ ಇನ್ನೊಂದು ಸಂಗತಿ. 1999ರ ಏಪ್ರಿಲ್‌ನಲ್ಲಿ ಅಲ್ಲಿ ರಾಷ್ಟ್ರೀಯ ಕನಿಷ್ಠ ವೇತನ ಜಾರಿಗೆ ಬಂತು, ಗಂಟೆಗೆ 3.60 ಪೌಂಡ್. ಅದರ ಹಿಂದಿನ ಮುಂದಿನ ಅಪರಾಧದ ಅಂಕಿಗಳನ್ನು ಪೊಲೀಸ್ ವಲಯವಾರು ಹೋಲಿಸಿದಾಗ, ಕಡಿಮೆ ಸಂಬಳದವರು ಹೆಚ್ಚಿದ್ದ, ಅಂದರೆ ಈ ಕಾನೂನಿನಿಂದ ಹೆಚ್ಚು ಜನರಿಗೆ ಲಾಭವಾದ ಪ್ರದೇಶಗಳಲ್ಲಿ ಅಪರಾಧ ಬೇರೆ ಕಡೆಗಳಿಗಿಂತ ಹೆಚ್ಚು ಇಳಿದಿತ್ತು. ಹೊಸ ಜೈಲು ಕಟ್ಟದೆ, ಒಬ್ಬ ಪೊಲೀಸನನ್ನೂ ಹೊಸದಾಗಿ ನೇಮಿಸದೆ ಒಂದು ವೇತನ ಕಾನೂನು ಮಾಡಿದ ಕೆಲಸ ಅದು.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಲೇಬೇಕು. ಕಡಿಮೆ ಸಂಬಳದವರು ಅಪರಾಧಿಗಳು ಎಂದು ನಾನು ಹೇಳುತ್ತಿಲ್ಲ. ಅವರಲ್ಲಿ ಬಹುಪಾಲು ಜನ ಕದಿಯುವುದಿಲ್ಲ, ಲಂಚ ಕೇಳುವ ಸ್ಥಾನದಲ್ಲೂ ಇರುವುದಿಲ್ಲ. ಒಂದು ಹೊತ್ತು ಬಿಟ್ಟು, ಇನ್ನೊಂದು ಕೆಲಸ ಹಿಡಿದು, ನಿದ್ದೆ ಕಳೆದುಕೊಂಡು ಮರ್ಯಾದೆ ಉಳಿಸಿಕೊಳ್ಳುತ್ತಾರೆ. ದೇಶಗಳ ಖಜಾನೆಯನ್ನೇ ದೋಚಿದವರಲ್ಲಿ ಸಂಬಳ ಸಾಲದೆ ದೋಚಿದವರು ಒಬ್ಬರೂ ಇಲ್ಲ. ಆ ಮೊಬುಟು ಅರಮನೆಗಳಲ್ಲಿ ಬದುಕಿದವನು. ದುರಾಸೆಯ ಲೂಟಿಗೆ ಸಂಬಳದ ಮದ್ದು ನಾಟುವುದಿಲ್ಲ. ನಾನು ಮಾತನಾಡುತ್ತಿರುವುದು ಅಂಚಿನಲ್ಲಿ ನಿಂತವರ ಬಗ್ಗೆ. ನೂರು ಜನರಲ್ಲಿ ತೊಂಬತ್ತು ಜನ ಎಂಥ ಕಷ್ಟದಲ್ಲೂ ಗಟ್ಟಿಯಾಗಿ ನಿಂತರೂ, ಉಳಿದ ಹತ್ತು ಜನರಲ್ಲಿ ಎಷ್ಟು ಮಂದಿ ಜಾರುತ್ತಾರೆ ಎಂಬುದರ ಮೇಲೆ ಒಂದು ಕಚೇರಿ, ಒಂದು ಬೀದಿ ಹೇಗಿರುತ್ತದೆ ಎಂಬುದು ತೀರ್ಮಾನವಾಗುತ್ತದೆ.

ಹಾಗಾದರೆ ಸಂಬಳ ಏರಿಸಿಬಿಟ್ಟರೆ ಆಯಿತಲ್ಲ? ಘಾನಾ ದೇಶ 2010ರಲ್ಲಿ ಹಾಗೇ ಮಾಡಿತು. ಪೊಲೀಸರ ಸಂಬಳವನ್ನು ಒಮ್ಮೆಗೇ ದುಪ್ಪಟ್ಟು ಮಾಡಿತು. ಆ ಹೊತ್ತಿಗೆ ಪಶ್ಚಿಮ ಆಫ್ರಿಕಾದ ಹೆದ್ದಾರಿಗಳಲ್ಲಿ ದೂರ ಪ್ರಯಾಣದ ಲಾರಿಗಳು ಎಲ್ಲೆಲ್ಲಿ ಎಷ್ಟೆಷ್ಟು ಲಂಚ ಕೊಟ್ಟವು ಎಂಬ ವಿವರವಾದ ಲೆಕ್ಕ ಸಂಗ್ರಹವಾಗುತ್ತಿತ್ತು. ಸಂಬಳ ಏರದ ಪಕ್ಕದ ದೇಶದ ಪೊಲೀಸರೊಂದಿಗೆ, ಸಂಬಳ ಏರದ ಘಾನಾದ ಕಸ್ಟಮ್ಸ್ ಸಿಬ್ಬಂದಿಯೊಂದಿಗೆ ಹೋಲಿಸಿ ನೋಡಿದರೆ, ಘಾನಾ ಪೊಲೀಸರು ಲಂಚಕ್ಕೆ ಪಡುವ ಶ್ರಮವೂ ಹೆಚ್ಚಿತ್ತು, ಲಂಚದ ಮೊತ್ತವೂ ಹೆಚ್ಚಿತ್ತು. ನನ್ನ ವಾದಕ್ಕೆ ಇದು ಹೊಂದುವುದಿಲ್ಲ ಎಂದು ಪಕ್ಕಕ್ಕಿಡಲು ಬರುವುದಿಲ್ಲ. ಮೊದಲು ಹೇಳಿದ ಸರಪಳಿಯನ್ನು ನೆನಪಿಸಿಕೊಳ್ಳಿ. ಮೇಲಿನವರಿಗೆ ಪಾಲು ಸಲ್ಲಿಸುವ ಏರ್ಪಾಡು ಹಾಗೇ ಇದ್ದು, ಸಿಕ್ಕಿಬೀಳುವ ಭಯವೂ ಇಲ್ಲದೆ ಹೋದರೆ, ಸಂಬಳ ಏರಿದ್ದು ಹುದ್ದೆಯ ತೂಕವನ್ನಷ್ಟೇ ಏರಿಸುತ್ತದೆ. ಕೊಳೆತ ಮೇಲೆ ಸಂಬಳ ಒಂದೇ ಸಾಲದು.

ಜಾರ್ಜಿಯಾ ದೇಶದಲ್ಲಿ ಬೇರೆಯದೇ ಆಯಿತು. ಅಲ್ಲಿನ ಟ್ರಾಫಿಕ್ ಪೊಲೀಸರ ಅಧಿಕೃತ ಸಂಬಳ ನೆಪಕ್ಕಷ್ಟೇ ಇತ್ತು. ರಸ್ತೆಯಲ್ಲಿ ವಸೂಲಿ ಮಾಡಿ ಮೇಲಕ್ಕೆ ಪಾಲು ಕಳಿಸುವುದೇ ಕೆಲಸ. 2004ರಲ್ಲಿ ಹೊಸ ಸರ್ಕಾರ ಸುಮಾರು 16,000 ಟ್ರಾಫಿಕ್ ಪೊಲೀಸರನ್ನು ಒಮ್ಮೆಗೇ ಮನೆಗೆ ಕಳಿಸಿತು. ಹೊಸಬರನ್ನು ಆರಿಸಿ, ತರಬೇತಿ ಕೊಟ್ಟು, ಹಿಂದಿನ ಹಲವು ಪಟ್ಟು ಸಂಬಳ ಗೊತ್ತುಮಾಡಿ, ಅವರ ನಡುವೆಯೇ ವೇಷ ಮರೆಸಿದ ತಪಾಸಣೆಯವರನ್ನೂ ಬಿಟ್ಟಿತು. ರಸ್ತೆಯ ಲಂಚ ಬಹುಮಟ್ಟಿಗೆ ನಿಂತೇಹೋಯಿತು. ಅದೇ ಸರ್ಕಾರದ ಜೈಲುಗಳಲ್ಲಿ ಕೈದಿಗಳಿಗೆ ಕೊಟ್ಟ ಹಿಂಸೆ 2012ರಲ್ಲಿ ಬಯಲಾಯಿತು ಎಂಬುದನ್ನೂ ಮರೆಯಬಾರದು. ಲಂಚ ನಿಂತ ಮಾತ್ರಕ್ಕೆ ನ್ಯಾಯ ಬಂತು ಎಂದಾಗುವುದಿಲ್ಲ. ಆದರೆ ಸಂಬಳ, ಹೊಸ ನೇಮಕ, ತಪಾಸಣೆ ಮೂರೂ ಒಟ್ಟಿಗೆ ಬಂದಾಗ ಏನಾಗುತ್ತದೆ ಎಂಬುದಕ್ಕೆ ಅದು ಒಳ್ಳೆಯ ಸಾಕ್ಷಿ.

ಇವೆರಡರ ನಡುವೆ ಅರ್ಜೆಂಟೀನಾದ ಬ್ಯೂನಸ್ ಐರಿಸ್ ನಗರದ ಸರ್ಕಾರಿ ಆಸ್ಪತ್ರೆಗಳಿವೆ. 1996ರಲ್ಲಿ ಅಲ್ಲಿನ ಆಡಳಿತ, ಒಂದೇ ಬಗೆಯ ಸಾಮಾನಿಗೆ ಯಾವ ಆಸ್ಪತ್ರೆ ಎಷ್ಟು ಕೊಟ್ಟಿತು ಎಂದು ಹೋಲಿಸಲು ಶುರುಮಾಡಿತು. ಕೆಲವೇ ತಿಂಗಳಲ್ಲಿ ಖರೀದಿ ಬೆಲೆ ಶೇ. 15ರಷ್ಟು ಇಳಿಯಿತು. ತಪಾಸಣೆ ಬಿಗಿಯಾಗಿದ್ದಾಗ ಯಾರ ಸಂಬಳ ಎಷ್ಟು ಎಂಬುದು ಲೆಕ್ಕಕ್ಕೇ ಬರಲಿಲ್ಲ, ಎಲ್ಲರೂ ಹೆದರಿದ್ದರು. ಬಿಗಿ ಸ್ವಲ್ಪ ಸಡಿಲವಾದ ಮೇಲೆ ವ್ಯತ್ಯಾಸ ಕಂಡಿತು: ಖರೀದಿ ಅಧಿಕಾರಿಗೆ ಒಳ್ಳೆಯ ಸಂಬಳವಿದ್ದ ಆಸ್ಪತ್ರೆಗಳಲ್ಲಿ ಬೆಲೆ ಕೆಳಗೇ ಉಳಿಯಿತು. ತಪಾಸಣೆಯ ಕಾವು ಎಲ್ಲ ಕಾಲಕ್ಕೂ ಒಂದೇ ಸಮ ಇರುವುದಿಲ್ಲ. ಅದು ತಣ್ಣಗಾದ ದಿನಗಳಲ್ಲಿ, ಕಳೆದುಕೊಳ್ಳಲು ಯೋಗ್ಯವಾದ ಸಂಬಳವೊಂದು ಇದ್ದವನು ಎರಡು ಸಲ ಯೋಚಿಸುತ್ತಾನೆ.

ಹೆಚ್ಚಿನ ಸಂಬಳಕ್ಕೆ ಎಲ್ಲರೂ ಸಿಂಗಾಪುರದ ಉದಾಹರಣೆ ಕೊಡುತ್ತಾರೆ. ಅಲ್ಲಿ ಮಂತ್ರಿಗಳ ಸಂಬಳವನ್ನು ಖಾಸಗಿ ವಲಯದ ಗಳಿಕೆಗೆ ಕಟ್ಟಿದ್ದು 1994ರಲ್ಲಿ. ಭ್ರಷ್ಟಾಚಾರದ ತನಿಖಾ ಬ್ಯೂರೋ ಇದ್ದದ್ದು 1952ರಿಂದ, ಬಿಗಿಯಾದ ಕಾನೂನು ಬಂದದ್ದು 1960ರಲ್ಲಿ. ಅಂದರೆ ಶುದ್ಧಿ ಮೊದಲು, ಮಂತ್ರಿಗಳ ಸಂಬಳ ಬಹಳ ಆಮೇಲೆ. ನಮಗೆ ಆ ಉದಾಹರಣೆ ಕೊಡುವವರು ಈ ಕ್ರಮವನ್ನು ಹೇಳುವುದಿಲ್ಲ.

ಬೆಲೆ ಏರಿಕೆಗೆ ಬಂದರೆ, ಮಾಡಬಹುದಾದ ಕೆಲಸ ಗೊತ್ತಿಲ್ಲದ್ದೇನಲ್ಲ. ಬೆಲ್ಜಿಯಂನಲ್ಲಿ ಬೆಲೆ ಸೂಚ್ಯಂಕ ಏರಿದಂತೆ ಸಂಬಳ ತಾನಾಗಿ ಏರುವ ವ್ಯವಸ್ಥೆಯಿದೆ. ಹಣದುಬ್ಬರ ಹೆಚ್ಚಿದ್ದಾಗ, 2023ರ ಜನವರಿಯಲ್ಲಿ, ಅಲ್ಲಿನ ಅನೇಕ ಖಾಸಗಿ ನೌಕರರ ಸಂಬಳ ಒಂದೇ ಸಲ ಶೇ. 11ರಷ್ಟು ಏರಿತು. ಅಮೆರಿಕದ ಕೇಂದ್ರ ಕನಿಷ್ಠ ವೇತನ ಗಂಟೆಗೆ 7.25 ಡಾಲರ್ ಎಂದು 2009ರಲ್ಲಿ ನಿಂತದ್ದು ಹದಿನೈದು ವರ್ಷ ಕಳೆದರೂ ಅಲ್ಲೇ ಇತ್ತು. ಎರಡೂ ಶ್ರೀಮಂತ ದೇಶಗಳೇ, ಎರಡೂ ಕಡೆ ಬೇಕೆಂದೇ ಮಾಡಿದ ಆಯ್ಕೆ.

ಸಂಬಳ ಏರಿಸಲು ಹಣ ಎಲ್ಲಿಂದ ಎಂದು ಒಂದು ಸಭೆಯಲ್ಲಿ ಒಬ್ಬರು ಕೇಳಿದರು. ಕೇಳಲೇಬೇಕಾದ ಪ್ರಶ್ನೆ. ಜನ ಆ ಹಣವನ್ನು ಈಗಾಗಲೇ ಕೊಡುತ್ತಿದ್ದಾರೆ, ರಸೀದಿಯಿಲ್ಲದೆ. ತೆರಿಗೆಯಾಗಿದ್ದರೆ ಉಳ್ಳವರಿಂದ ಹೆಚ್ಚು, ಇಲ್ಲದವರಿಂದ ಕಡಿಮೆ ತೆಗೆದುಕೊಳ್ಳಬಹುದಿತ್ತು. ಲಂಚಕ್ಕೆ ಆ ವಿವೇಚನೆ ಇಲ್ಲ. ಒಂದು ದಾಖಲೆಗೆ ಕೂಲಿಯವಳು ಕೊಡುವುದೂ ಅಷ್ಟೇ, ಅಂಗಡಿ ಮಾಲೀಕ ಕೊಡುವುದೂ ಅಷ್ಟೇ. ಅವಳಿಗೆ ಅದು ಎರಡು ದಿನದ ದುಡಿಮೆ. ಎಲ್ಲರ ಸಂಬಳವನ್ನೂ ಒಂದೇ ಸಲ ಏರಿಸಲು ಹಣ ಸಾಲದೆ ಹೋಗಬಹುದು, ಒಪ್ಪುತ್ತೇನೆ. ಹಾಗಾದರೆ ತುದಿಯಿಂದ ಶುರುಮಾಡುವ ರೂಢಿ ಬಿಟ್ಟು ಬುಡದಿಂದ ಶುರುಮಾಡೋಣ: ಜನರಿಗೆ ಎದುರಾಗಿ ಕೂರುವವರು, ಕೀಲಿಕೈ ಇಟ್ಟುಕೊಂಡವರು, ರಾತ್ರಿ ಕಾಯುವವರು.

ಇವರಲ್ಲಿ ಎಷ್ಟೋ ಜನ ಈಗ ಯಾವ ಕಚೇರಿಯ ನೌಕರರೂ ಅಲ್ಲ, ಹೊರಗುತ್ತಿಗೆಯವರು. ಅವರಿಗೆಂದು ಮಂಜೂರಾದ ಸಂಬಳ ಒಂದು, ಗುತ್ತಿಗೆದಾರ ಕೈಗಿಡುವುದು ಇನ್ನೊಂದು, ಅದೂ ತಡವಾಗಿ. ಸಂಬಳದ ಹೊಸ ಆಯೋಗ ಬರುವತನಕ ಕಾಯದೆ ಮಾಡಬಹುದಾದ ಕೆಲಸ ಇಲ್ಲೇ ಇದೆ. ನೀವು ಯಾವುದಾದರೂ ಸಂಸ್ಥೆಯ ಆಡಳಿತದಲ್ಲಿದ್ದರೆ, ಶಾಲೆಯದೋ ಆಸ್ಪತ್ರೆಯದೋ ವಸತಿ ಸಂಘದ್ದೋ, ಮುಂದಿನ ತಿಂಗಳು ಗುತ್ತಿಗೆದಾರನ ಬಿಲ್ಲಿಗೆ ಸಹಿ ಹಾಕುವ ಮುನ್ನ ಹಿಂದಿನ ತಿಂಗಳ ಸಂಬಳ ಪ್ರತಿಯೊಬ್ಬ ಕೆಲಸಗಾರನ ಖಾತೆಗೆ ಪೂರ್ತಿ ಹೋಗಿದೆಯೇ ಎಂಬ ದಾಖಲೆ ಕೇಳಿ. ಆಮೇಲೆ ಆ ಕೆಲಸಗಾರರಲ್ಲಿ ಇಬ್ಬರನ್ನು ಬೇರೆಯಾಗಿ ಕರೆದು, ಕೈಗೆ ಬಂದದ್ದು ಎಷ್ಟು, ಅದರಲ್ಲಿ ವಾಪಸು ಕೊಟ್ಟದ್ದು ಎಷ್ಟು ಎಂದು ಅವರ ಬಾಯಿಂದಲೇ ಕೇಳಿ.